ತಂಡ ಯಾರದು? ಓಕ್ಲೆಂಡ್ ಆಯ್ತು, ಈಗ ಕ್ಯಾನ್ಸಸ್ ಸಿಟಿ

ಹೇವರ್ಡ್_ಶಿವಮೊಗ್ಗ:

2025ರ ಡಿಸೆಂಬರ್ 22ರಂದು ಅಮೆರಿಕನ್ ಫುಟ್‌ಬಾಲ್ ತಂಡ ಕ್ಯಾನ್ಸಸ್ ಸಿಟಿ ಚೀಫ್ಸ್ ಸುದ್ದಿ ಬಂತಲ್ವಾ, ಅವತ್ತಿನಿಂದ ಇದನ್ನು ಬರೆಯಬೇಕು ಅಂತ ಮನಸ್ಸಿನಲ್ಲೇ ಇತ್ತು. ಮಿಸೌರಿ ರಾಜ್ಯದಲ್ಲಿ 1972ರಿಂದ ಆಡುತ್ತಿರುವ ಆರೋಹೆಡ್ ಸ್ಟೇಡಿಯಂ ಬಿಟ್ಟು, ಗಡಿ ದಾಟಿ, ಪಕ್ಕದ ಕ್ಯಾನ್ಸಸ್ ರಾಜ್ಯಕ್ಕೆ ಹೋಗುತ್ತಾರಂತೆ. 2031ಕ್ಕೆ ಹೊಸ ಸ್ಟೇಡಿಯಂ ಸಿದ್ಧವಾಗಬೇಕು. ಅದರ ಖರ್ಚಿನಲ್ಲಿ ದೊಡ್ಡ ಪಾಲು ಸಾರ್ವಜನಿಕ ಹಣ.

ನಾನು ಚೀಫ್ಸ್ ಕಡೆಯವನಲ್ಲ. ಆದರೂ ಆ ಸುದ್ದಿ ಓದಿ ನಿದ್ದೆ ಬರಲಿಲ್ಲ. ಯಾಕೆಂದರೆ ಇದೇ ದಾರಿಯನ್ನು ನಾವು ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನವರು ಮೂರು ಸಲ ನೋಡಿದ್ದೇವೆ. 2019ರಲ್ಲಿ ಬ್ಯಾಸ್ಕೆಟ್‌ಬಾಲ್‌ನ ವಾರಿಯರ್ಸ್ ಕೊಲ್ಲಿ ದಾಟಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಯಿತು. 2020ರಲ್ಲಿ ಫುಟ್‌ಬಾಲ್‌ನ ರೈಡರ್ಸ್ ಲಾಸ್ ವೇಗಸ್‌ಗೆ. 2024ರಲ್ಲಿ ಬೇಸ್‌ಬಾಲ್‌ನ ಅಥ್ಲೆಟಿಕ್ಸ್, ನಾವು ಕರೆಯುವುದು ಎ'ಸ್ ಅಂತ. ಐದು ವರ್ಷದಲ್ಲಿ ಒಂದು ಊರು ತನ್ನ ಮೂರು ತಂಡವನ್ನೂ ಕಳೆದುಕೊಂಡಿತು.

ನಾನು ಶಿವಮೊಗ್ಗದಿಂದ ಇಲ್ಲಿಗೆ ಬಂದಿದ್ದು 2006ರಲ್ಲಿ. ಬೇಸ್‌ಬಾಲ್ ಅಂದರೆ ಏನು ಅಂತ ಗೊತ್ತಿರಲಿಲ್ಲ. ಆಫೀಸಿನ ಒಬ್ಬರು ಕರೆದುಕೊಂಡು ಹೋದರು. ಆ ವರ್ಷ ಎ'ಸ್ ಪ್ಲೇಆಫ್‌ನಲ್ಲಿ ಮಿನ್ನೆಸೋಟಾ ತಂಡವನ್ನು ಮೂರಕ್ಕೆ ಮೂರೂ ಪಂದ್ಯ ಸೋಲಿಸಿತ್ತು. ಆಮೇಲೆ ಡೆಟ್ರಾಯಿಟ್ ಎದುರು ನಾಲ್ಕೂ ಸೋತಿತು. ಆ ಸೋಲಿಗೆ ನನಗೇ ಅಷ್ಟು ಬೇಜಾರಾದಾಗ, ಇದು ನನ್ನ ತಂಡ ಅಂತ ಗೊತ್ತಾಯಿತು.

ಓಕ್ಲೆಂಡ್ ಕೊಲಿಸಿಯಂ ಚೆಂದದ ಸ್ಟೇಡಿಯಂ ಆಗಿರಲಿಲ್ಲ. 1966ರಲ್ಲಿ ತೆರೆದದ್ದು, ಬರೀ ಕಾಂಕ್ರೀಟು. ಆದರೆ ಬಾರ್ಟ್ ರೈಲು ಇಳಿದು ಸೇತುವೆ ಮೇಲೆ ನಡೆದರೆ ನೇರ ಗೇಟಿಗೆ. ಆ ಸೇತುವೆ ಮೇಲೆಯೇ ಡೋಲಿನ ಸದ್ದು ಕೇಳುತ್ತಿತ್ತು. ಬಲಗಡೆಯ ಬೆಂಚುಗಳಲ್ಲಿ ಒಂದು ಗುಂಪು ಪಂದ್ಯದ ಉದ್ದಕ್ಕೂ ಡೋಲು ಬಾರಿಸುತ್ತಿತ್ತು. ನಮ್ಮೂರ ಮಾರಿಜಾತ್ರೆಗೆ ಹೋಗುವಾಗ ಇನ್ನೂ ಎರಡು ಬೀದಿ ದೂರ ಇರುವಾಗಲೇ ತಮಟೆ ಸದ್ದು ಎದೆಗೆ ಬಡಿಯುತ್ತದಲ್ಲ, ಹಾಗೆ. ಮಗ ಹುಟ್ಟಿದ ಮೇಲೆ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಅದೇ ಸೇತುವೆ ಮೇಲೆ ನಡೆದಿದ್ದೇನೆ.

2024ರ ಸೆಪ್ಟೆಂಬರ್ 26, ಗುರುವಾರ ಮಧ್ಯಾಹ್ನ, ಕೊನೆಯ ಪಂದ್ಯ. ಮಗನಿಗೆ ಶಾಲೆಗೆ ರಜೆ ಹಾಕಿಸಿದೆ. 46,889 ಜನ. ಮೊದಲ ಚೆಂಡು ಎಸೆಯಲು ಎ'ಸ್‌ನ ಹಳೆಯ ಆಟಗಾರರಾದ ರಿಕಿ ಹೆಂಡರ್ಸನ್ ಮತ್ತು ಡೇವ್ ಸ್ಟೂವರ್ಟ್ ಬಂದಿದ್ದರು, ಇಬ್ಬರೂ ಓಕ್ಲೆಂಡ್‌ನಲ್ಲೇ ಬೆಳೆದವರು. ಎ'ಸ್ 3-2ರಿಂದ ಟೆಕ್ಸಸ್ ರೇಂಜರ್ಸ್ ವಿರುದ್ಧ ಗೆದ್ದಿತು. ಗೆದ್ದ ಮೇಲೆ ಯಾರೂ ಎದ್ದು ಹೋಗಲಿಲ್ಲ. ಮ್ಯಾನೇಜರ್ ಮಾರ್ಕ್ ಕಾಟ್ಸೇ ಮೈಕ್ ಹಿಡಿದು ಧನ್ಯವಾದ ಹೇಳಿದರು. ಜನ ಮೈದಾನದ ಮಣ್ಣು ಕೇಳಿ ಪಡೆದು ಒಯ್ದರು. ನನ್ನ ಮಗನೂ ಖಾಲಿ ನೀರಿನ ಬಾಟಲಿಯಲ್ಲಿ ಒಂದು ಹಿಡಿ ತಂದಿದ್ದಾನೆ. ಅವನ ಮೇಜಿನ ಮೇಲೆ ಇದೆ.

ಆಮೇಲೆ ಮೂರು ತಿಂಗಳೂ ಆಗಿರಲಿಲ್ಲ, ಡಿಸೆಂಬರ್ 20ಕ್ಕೆ ರಿಕಿ ಹೆಂಡರ್ಸನ್ ತೀರಿಕೊಂಡರು. 1,406 ಬೇಸ್ ಕದ್ದವರು, ಅಂದರೆ ಎದುರಾಳಿ ಚೆಂಡು ಎಸೆಯುವ ಹೊತ್ತಿಗೆ ಓಡಿ ಮುಂದಿನ ಬೇಸ್ ಮುಟ್ಟಿದವರು. ಆ ದಾಖಲೆಯ ಹತ್ತಿರಕ್ಕೂ ಯಾರೂ ಬಂದಿಲ್ಲ. ಆ ಮೈದಾನಕ್ಕೆ ಅವರದೇ ಹೆಸರು ಇಟ್ಟಿದ್ದರು.

ನನ್ನ ಮಾತು ಇಷ್ಟೇ. ತಂಡದ ಕಾಗದಪತ್ರ ಮಾಲೀಕರ ಹೆಸರಲ್ಲಿ ಇರಬಹುದು. ಆದರೆ ಹೆಸರು, ಬಣ್ಣ, ದಾಖಲೆ ಊರಿಗೆ ಸೇರಿದ್ದು. ಮಾಲೀಕರು ಹೋಗುವುದಾದರೆ ಆಟಗಾರರನ್ನು ಕರೆದುಕೊಂಡು ಹೋಗಲಿ, ಹೆಸರು ಬಿಟ್ಟು ಹೋಗಲಿ. ಇದು ಆಗದ ಮಾತೇನಲ್ಲ, ಒಮ್ಮೆ ಆಗಿದೆ. ಅದನ್ನು ಮುಂದೆ ಹೇಳುತ್ತೇನೆ. ಮೊದಲು ನಿಮ್ಮ ಅಭಿಪ್ರಾಯ ಹೇಳಿ.

ಲೆಕ್ಕದ_ಮೇಷ್ಟ್ರು:

ನೋವು ಅರ್ಥವಾಗುತ್ತದೆ ಸರ್. ಆದರೆ ಇನ್ನೊಂದು ಕಡೆಯನ್ನೂ ನೋಡಬೇಕು.

2023ರಲ್ಲಿ ಎ'ಸ್ ಪಂದ್ಯಕ್ಕೆ ಸರಾಸರಿ ಹತ್ತು ಸಾವಿರ ಜನ ಬರುತ್ತಿದ್ದರು. ಇಡೀ ಲೀಗ್‌ನಲ್ಲೇ ಕಡಿಮೆ. ಸ್ಟೇಡಿಯಂನಲ್ಲಿ ಚರಂಡಿ ನೀರು ಉಕ್ಕಿ ಆಟಗಾರರ ಕೋಣೆಗೇ ಬಂದಿತ್ತು. ಕಾಮೆಂಟರಿ ಕೋಣೆಯಲ್ಲಿ ಒಪಾಸಂ ಅನ್ನುವ ಹೆಗ್ಗಣದಂಥ ಪ್ರಾಣಿ ಸೇರಿಕೊಂಡು, ಎದುರಾಳಿ ತಂಡದ ಕಾಮೆಂಟರಿಯವರು ಬೇರೆ ಕಡೆ ಕೂತು ಕಾಮೆಂಟರಿ ಹೇಳಬೇಕಾಯಿತು. ಹೊಸ ಸ್ಟೇಡಿಯಂ ಕಟ್ಟಲು ಬಂದರಿನ ಹತ್ತಿರದ ಹೋವರ್ಡ್ ಟರ್ಮಿನಲ್ ಜಾಗಕ್ಕೆ ವರ್ಷಗಟ್ಟಲೆ ಮಾತುಕತೆ ಆಯಿತು, ಮುಗಿಯಲಿಲ್ಲ. ಅತ್ತ ನೆವಾಡಾ ರಾಜ್ಯ 38 ಕೋಟಿ ಡಾಲರ್ ಕೊಡುತ್ತೇನೆ ಅಂದಿತು. ವ್ಯಾಪಾರ ಮಾಡುವವನು ಯಾವ ಕಡೆ ಹೋಗುತ್ತಾನೆ, ಹೇಳಿ?

ಲಾಸ್ ವೇಗಸ್‌ನಲ್ಲಿ ಇರುವವರೂ ಜನರೇ. ಅವರ ಮಕ್ಕಳಿಗೂ ಒಂದು ತಂಡ ಬೇಡವೇ?

ಹೇವರ್ಡ್_ಶಿವಮೊಗ್ಗ:

ಮೇಷ್ಟ್ರೇ, ಚರಂಡಿ ನಿಜ. ಒಪಾಸಂ ಕೂಡ ನಿಜ. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಹತ್ತು ಸಾವಿರ ಜನ ಅನ್ನುವ ಲೆಕ್ಕದ ಹಿಂದೆ ಏನಿದೆ ಅಂತ ನೋಡಿ. ಒಳ್ಳೆ ಆಟಗಾರರನ್ನು ಒಬ್ಬೊಬ್ಬರಾಗಿ ಬೇರೆ ತಂಡಕ್ಕೆ ಕೊಟ್ಟರು. ಮ್ಯಾಟ್ ಓಲ್ಸನ್ ಹೋದ, ಮ್ಯಾಟ್ ಚಾಪ್ಮನ್ ಹೋದ, ಶಾನ್ ಮರ್ಫಿ ಹೋದ. 2023ರಲ್ಲಿ 50 ಗೆದ್ದು 112 ಸೋತರು. ಅಂಗಡಿಯಲ್ಲಿ ಸಾಮಾನು ಖಾಲಿ ಮಾಡಿ, ಗಿರಾಕಿ ಬರುತ್ತಿಲ್ಲ ಅಂದರೆ ಹೇಗೆ?

ಜನ ಇದ್ದರು ಅನ್ನುವುದಕ್ಕೆ ಸಾಕ್ಷಿ 2023ರ ಜೂನ್ 13. ಮಾಲೀಕರ ಮೇಲಿನ ಸಿಟ್ಟಿಗೆ ಬರದೇ ಇರುವ ಬದಲು, ಅವತ್ತು ಎಲ್ಲರೂ ಬರೋಣ ಅಂತ ಅಭಿಮಾನಿಗಳೇ ಕರೆ ಕೊಟ್ಟರು. ಮಂಗಳವಾರ ರಾತ್ರಿ 27,759 ಜನ ಬಂದರು. ಎಲ್ಲರ ಮೈಮೇಲೂ ಹಸಿರು ಟೀಶರ್ಟ್, ಅದರ ಮೇಲೆ 'ಮಾರಿಬಿಡಿ' ಅನ್ನುವ ಒಂದೇ ಮಾತು. ನಾನೂ ಇದ್ದೆ. ಗಂಟಲು ಬಿದ್ದುಹೋಯಿತು. ಪಂದ್ಯವನ್ನೂ 2-1ರಿಂದ ಗೆದ್ದರು. ಅದೇ ದಿನ ನೆವಾಡಾದ ಸೆನೆಟ್ ಆ 38 ಕೋಟಿಗೆ ಒಪ್ಪಿಗೆ ಕೊಟ್ಟಿತು. ನವೆಂಬರ್‌ನಲ್ಲಿ ಲೀಗ್‌ನ ತಂಡಗಳ ಮಾಲೀಕರು ಒಬ್ಬರೂ ಬಿಡದೆ ಎಲ್ಲರೂ ತಂಡ ಹೋಗಲಿ ಅಂತ ಕೈ ಎತ್ತಿದರು. ಆ ಮೂವತ್ತು ಕೈಯಲ್ಲಿ ಒಂದು ಕೈಯಾದರೂ ಕೆಳಗಿರಬಹುದು ಅಂತ ನಾನು ಕಾದಿದ್ದೆ.

ಇನ್ನು ಸ್ಟೇಡಿಯಂ ಹಾಳಾದ ಕಥೆ. ರೈಡರ್ಸ್ 1982ರಲ್ಲಿ ಲಾಸ್ ಏಂಜಲೀಸ್‌ಗೆ ಹೋಗಿ 1995ರಲ್ಲಿ ವಾಪಸ್ ಬಂತು. ಅವರನ್ನು ಕರೆಸಿಕೊಳ್ಳಲು ಊರಿನವರ ದುಡ್ಡಿನಲ್ಲಿ ಒಂದು ದೊಡ್ಡ ಗೋಡೆಯಂಥ ಸ್ಟ್ಯಾಂಡ್ ಕಟ್ಟಿದರು. ರೈಡರ್ಸ್ ಮಾಲೀಕ ಆಲ್ ಡೇವಿಸ್ ಹೆಸರಲ್ಲಿ ಜನ ಅದನ್ನು 'ಮೌಂಟ್ ಡೇವಿಸ್' ಅಂತ ಕರೆದರು. ಅದಕ್ಕೂ ಮೊದಲು ಬೇಸ್‌ಬಾಲ್ ನೋಡುವಾಗ ಎದುರಿಗೆ ಓಕ್ಲೆಂಡ್ ಗುಡ್ಡ ಕಾಣುತ್ತಿತ್ತಂತೆ. ಆಮೇಲೆ ಕಾಂಕ್ರೀಟು ಮಾತ್ರ. ಗುಡ್ಡವೂ ಹೋಯಿತು, 2020ಕ್ಕೆ ರೈಡರ್ಸ್ ಕೂಡ ಹೋಯಿತು. ಆ ಸ್ಟ್ಯಾಂಡಿನ ಸಾಲ ಮಾತ್ರ ಇನ್ನೂ ಊರಿನ ತಲೆ ಮೇಲಿತ್ತು.

ವೇಗಸ್ ಮಕ್ಕಳಿಗೆ ತಂಡ ಬೇಕು, ಖಂಡಿತ ಬೇಕು. ಹೊಸದಾಗಿ ಒಂದು ಹುಟ್ಟುಹಾಕಲಿ. ಐಸ್ ಹಾಕಿಯಲ್ಲಿ ಅದೇ ಊರಿಗೆ 2017ರಲ್ಲಿ ಗೋಲ್ಡನ್ ನೈಟ್ಸ್ ಅಂತ ಹೊಸ ತಂಡ ಕೊಟ್ಟರಲ್ಲ. 2023ಕ್ಕೆ ಸ್ಟ್ಯಾನ್ಲಿ ಕಪ್ ಕೂಡ ಗೆದ್ದರು. ಯಾರದೂ ಕಿತ್ತುಕೊಳ್ಳಬೇಕಾಗಿ ಬರಲಿಲ್ಲ.

ಓವರ್‌ಲ್ಯಾಂಡ್_ಪಾರ್ಕ್_ಕನ್ನಡತಿ:

ನಾನು ಕ್ಯಾನ್ಸಸ್ ಕಡೆಯಲ್ಲೇ ಇದ್ದೇನೆ. ಹೊಸ ಸ್ಟೇಡಿಯಂ ನಮ್ಮ ರಾಜ್ಯಕ್ಕೇ ಬರುತ್ತದೆ. ಎಲ್ಲರೂ ನಾನು ಖುಷಿಯಾಗಿರಬೇಕು ಅಂದುಕೊಳ್ಳುತ್ತಾರೆ. ಖುಷಿ ಆಗುತ್ತಿಲ್ಲ.

ಆರೋಹೆಡ್‌ಗೆ ಹೋಗಿ ಬಂದವರಿಗೆ ಗೊತ್ತು. ಪಂದ್ಯ ಮಧ್ಯಾಹ್ನ ಇದ್ದರೆ ಬೆಳಗ್ಗೆಯೇ ಪಾರ್ಕಿಂಗ್ ತುಂಬಾ ಹೊಗೆ. ಕಾರಿನ ಹಿಂಬಾಗಿಲು ತೆಗೆದು, ಒಲೆ ಹಚ್ಚಿ, ಗುರುತಿಲ್ಲದವರನ್ನೂ ಕರೆದು ಊಟ ಹಾಕುತ್ತಾರೆ. ನಾನು ಮಾಂಸ ತಿನ್ನುವುದಿಲ್ಲ ಅಂದಾಗ ಪಕ್ಕದ ಕಾರಿನ ಅಜ್ಜಿಯೊಬ್ಬರು ನನಗೆ ಅಂತಲೇ ಜೋಳದ ತೆನೆ ಸುಟ್ಟುಕೊಟ್ಟರು. ಮುಂದಿನ ವರ್ಷದಿಂದ ನಾವು ಚಿತ್ರಾನ್ನ ಒಯ್ಯಲು ಶುರು ಮಾಡಿದೆವು. ಈಗ ಆ ಸಾಲಿನಲ್ಲಿ ನಮ್ಮ ಚಿತ್ರಾನ್ನಕ್ಕೆ ಕಾಯುವವರಿದ್ದಾರೆ.

ಒಳಗೆ ಹೋದರೆ ಸದ್ದು. 2014ರಲ್ಲಿ 142.2 ಡೆಸಿಬೆಲ್ ಅಂತ ಗಿನ್ನೆಸ್ ದಾಖಲೆ ಬರೆದ ಸ್ಟೇಡಿಯಂ ಅದು. ಎದುರಾಳಿಯ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಕೂಗಿದ್ದು ಅವನ ಪಕ್ಕದವನಿಗೇ ಕೇಳಬಾರದು, ಅದೇ ನಮ್ಮ ಕೆಲಸ. ಮೇಲೆ ಛಾವಣಿ ಇಲ್ಲ. ಜನವರಿಯ ಚಳಿಯಲ್ಲಿ ಮೂರು ಸ್ವೆಟರ್ ಹಾಕಿಕೊಂಡು ಕೂಗಿದ್ದೇವೆ. ಹೊಸದಕ್ಕೆ ಛಾವಣಿ ಬರುತ್ತದಂತೆ. ಬೆಚ್ಚಗಿರುತ್ತದೆ, ಸರಿ. ಆದರೆ ಆ ಚಳಿಯೇ ನಮ್ಮ ಹನ್ನೆರಡನೇ ಆಟಗಾರ ಆಗಿತ್ತು.

ನನಗೆ ಜಾಸ್ತಿ ನೋವಾದದ್ದು ಇನ್ನೊಂದಕ್ಕೆ. 2024ರ ಏಪ್ರಿಲ್ 2ಕ್ಕೆ, ಆರೋಹೆಡ್ ಇರುವ ಮಿಸೌರಿಯ ಜಾಕ್ಸನ್ ಕೌಂಟಿಯವರು ಮತ ಹಾಕಿದರು. ಸ್ಟೇಡಿಯಂಗಳಿಗಾಗಿ ಮಾರಾಟ ತೆರಿಗೆಯನ್ನು 40 ವರ್ಷ ಮುಂದುವರಿಸಬೇಕೇ ಅನ್ನುವುದು ಪ್ರಶ್ನೆ. 58 ಶೇಕಡಾ ಜನ ಬೇಡ ಅಂದರು. ಅದೇ ವರ್ಷದ ಫೆಬ್ರವರಿಯಲ್ಲಿ ಚೀಫ್ಸ್ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದಿತ್ತು. ಆ ಸಂಭ್ರಮದ ನಡುವೆಯೂ ಬೇಡ ಅಂದರು. ಅದು ತಂಡದ ಮೇಲಿನ ಸಿಟ್ಟಲ್ಲ. ದುಡ್ಡು ಶಾಲೆಗೆ, ರಸ್ತೆಗೆ ಬೇಕು ಅಂದರು. ಜನ ಬೇಡ ಅಂದರೆ ಪಕ್ಕದ ರಾಜ್ಯಕ್ಕೆ ಹೋಗುತ್ತೇವೆ ಅಂದರೆ, ಆ ಮತಕ್ಕೆ ಬೆಲೆ ಏನು?

ಧಾರವಾಡದ_ಡಾಡ್ಜರ್:

ನಾನು ಲಾಸ್ ಏಂಜಲೀಸ್ ಕಡೆಯವ. 2025ರ ನವೆಂಬರ್ 1ರ ರಾತ್ರಿಯ ಖುಷಿಯಿಂದ ಇನ್ನೂ ಇಳಿದಿಲ್ಲ ನೋಡ್ರಿ. ಬೇಸ್‌ಬಾಲ್‌ನ ಫೈನಲ್ ಸರಣಿ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯ, ನಮ್ಮ ಡಾಡ್ಜರ್ಸ್ ಎದುರಿಗೆ ಟೊರೊಂಟೊ, ಅವರದೇ ಮೈದಾನ. ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಸೋಲಿಗೆ ಎರಡೇ ಔಟ್ ಬಾಕಿ ಇದ್ದಾಗ ಮಿಗೆಲ್ ರೊಹಾಸ್ ಹೋಮ್ ರನ್ ಹೊಡೆದು ಸಮ ಮಾಡಿದ. ಹನ್ನೊಂದನೇ ಇನ್ನಿಂಗ್ಸ್‌ನಲ್ಲಿ ವಿಲ್ ಸ್ಮಿತ್ ಇನ್ನೊಂದು. 5-4. ಹಿಂದಿನ ರಾತ್ರಿಯೇ ಆರು ಇನ್ನಿಂಗ್ಸ್ ಎಸೆದಿದ್ದ ಯಮಾಮೊಟೊ ಮತ್ತೆ ಬಂದು ಕೊನೆಯ ಎಂಟು ಔಟ್ ತೆಗೆದ. ನಾನು ಕ್ರಿಕೆಟ್ ನೋಡಿ ಬೆಳೆದವ, ವೇಗದ ಬೌಲರ್ ಒಂದೇ ದಿನದಲ್ಲಿ ಎರಡು ಸ್ಪೆಲ್ ಹಾಕುವುದು ನೋಡಿದ್ದೇನೆ. ಆದರೆ ಬೇಸ್‌ಬಾಲ್‌ನಲ್ಲಿ ಹಾಗೆ ಎಸೆದವನಿಗೆ ನಾಲ್ಕೈದು ದಿನ ವಿಶ್ರಾಂತಿ ಕೊಡುತ್ತಾರೆ. ಇವನು ಮರುದಿನವೇ ಬಂದ. ನನ್ನ ಕಣ್ಣಲ್ಲಿ ನೀರು ಬಂತು.

ವಿಷಯಕ್ಕೆ ಬರುತ್ತೇನೆ. ನಮ್ಮ ಡಾಡ್ಜರ್ಸ್ ಕೂಡ ಬ್ರೂಕ್ಲಿನ್ ಬಿಟ್ಟು ಬಂದದ್ದೇ ಅಲ್ವಾ? 1957 ಅಲ್ಲಿ ಕೊನೆ, 1958 ಇಲ್ಲಿ ಶುರು. ಅದೇ ವರ್ಷ ಜಯಂಟ್ಸ್ ಕೂಡ ನ್ಯೂಯಾರ್ಕ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಬಂತು. ಹೋಗದೇ ಇದ್ದಿದ್ದರೆ ಪಶ್ಚಿಮ ಕರಾವಳಿಗೆ ದೊಡ್ಡ ಲೀಗ್‌ನ ಬೇಸ್‌ಬಾಲ್ ಯಾವಾಗ ಬರುತ್ತಿತ್ತೋ. ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡ್ರಿ. ನಿಮ್ಮ ಎ'ಸ್ ಫಿಲಡೆಲ್ಫಿಯಾದ ತಂಡ. 1955ರಲ್ಲಿ ಕ್ಯಾನ್ಸಸ್ ಸಿಟಿಗೆ ಬಂತು. ಅಲ್ಲಿಂದ 1968ಕ್ಕೆ ಓಕ್ಲೆಂಡ್‌ಗೆ. ಮೇಲೆ ಬರೆದ ಅಕ್ಕನ ಚೀಫ್ಸ್ ಕೂಡ 1963ರವರೆಗೆ ಡಲ್ಲಾಸ್‌ನಲ್ಲಿತ್ತು, ಡಲ್ಲಾಸ್ ಟೆಕ್ಸನ್ಸ್ ಅಂತ ಹೆಸರು. ಎಲ್ಲರೂ ಒಬ್ಬರಿಂದ ಒಬ್ಬರು ಪಡೆದವರೇ.

ಓವರ್‌ಲ್ಯಾಂಡ್_ಪಾರ್ಕ್_ಕನ್ನಡತಿ:

ಡಲ್ಲಾಸ್ ವಿಷಯ ನನಗೆ ಗೊತ್ತೇ ಇರಲಿಲ್ಲ ಅಣ್ಣ. ಎ'ಸ್ ನಮ್ಮ ಊರಲ್ಲಿ ಇತ್ತು ಅನ್ನುವುದು ಮಾತ್ರ ಇಲ್ಲಿನ ಹಳಬರು ಹೇಳುತ್ತಿರುತ್ತಾರೆ. ಹಾಗಾದರೆ ಓಕ್ಲೆಂಡ್‌ನವರ ಮಣ್ಣಿನ ಬಾಟಲಿಗೂ ನಮಗೂ ಒಂದು ನಂಟು ಇದೆ.

ಹೇವರ್ಡ್_ಶಿವಮೊಗ್ಗ:

ಧಾರವಾಡದವರೇ, ಬೇಜಾರಿಲ್ಲ. ಈ ಪ್ರಶ್ನೆ ಬರಬೇಕಿತ್ತು. ಹೌದು, ನಾವೂ ಬೇರೆ ಊರಿನ ತಂಡವನ್ನೇ ಮನೆ ತುಂಬಿಸಿಕೊಂಡದ್ದು. 1968ರಲ್ಲಿ ಓಕ್ಲೆಂಡ್ ಕುಣಿದಾಗ ಕ್ಯಾನ್ಸಸ್ ಸಿಟಿಯಲ್ಲಿ ಯಾರೋ ಒಬ್ಬ ತಂದೆ ಮಗನಿಗೆ ಏನು ಹೇಳಿದ್ದನೋ. ಅದನ್ನು ಯೋಚಿಸಿದರೆ ಸಂಕಟ ಆಗುತ್ತದೆ. ಆದ್ದರಿಂದಲೇ ಹೇಳುತ್ತಿದ್ದೇನೆ, ಇದಕ್ಕೆ ಒಂದು ನಿಯಮ ಬೇಕು.

ಆ ನಿಯಮಕ್ಕೆ ಮಾದರಿ ಕ್ಲೀವ್‌ಲ್ಯಾಂಡ್. ಆದರೆ ಅದನ್ನು ಹೇಳಬೇಕಾದರೆ ಬಾಲ್ಟಿಮೋರ್‌ನಿಂದ ಶುರು ಮಾಡಬೇಕು.

1984ರ ಮಾರ್ಚ್ 28ರ ರಾತ್ರಿ. ಬಾಲ್ಟಿಮೋರ್ ಕೋಲ್ಟ್ಸ್ ಅನ್ನುವ ಫುಟ್‌ಬಾಲ್ ತಂಡದ ಕಚೇರಿಗೆ ಮೇಫ್ಲವರ್ ಕಂಪನಿಯ ಲಾರಿಗಳು ಬಂದವು. ಹೆಲ್ಮೆಟ್ಟು, ಪೆಟ್ಟಿಗೆ, ಕಡತ ಎಲ್ಲಾ ತುಂಬಿಕೊಂಡು ಬೆಳಗಾಗುವುದರೊಳಗೆ ಇಂಡಿಯಾನಾಪೊಲಿಸ್ ದಾರಿ ಹಿಡಿದವು. ತಂಡವನ್ನು ಸರ್ಕಾರವೇ ವಶಕ್ಕೆ ಪಡೆಯುವ ಮಸೂದೆ ಮೇರಿಲ್ಯಾಂಡ್ ಶಾಸನಸಭೆಯಲ್ಲಿ ಬಂದಿತ್ತು, ಅದಕ್ಕೆ ಆ ಅವಸರ. ಆದರೆ ಒಂದನ್ನು ಒಯ್ಯಲಾಗಲಿಲ್ಲ. ಕೋಲ್ಟ್ಸ್ ವಾದ್ಯತಂಡದ ಸಮವಸ್ತ್ರ ಅವತ್ತು ಡ್ರೈಕ್ಲೀನಿಂಗ್ ಅಂಗಡಿಯಲ್ಲಿತ್ತು. ಅದನ್ನು ಉಳಿಸಿಕೊಂಡ ವಾದ್ಯದವರು ತಂಡವೇ ಇಲ್ಲದ ಊರಲ್ಲಿ ವರ್ಷಗಟ್ಟಲೆ ನುಡಿಸುತ್ತಾ ಹೋದರು. ದೇವರಿಲ್ಲದ ಗುಡಿಯಲ್ಲಿ ದಿನಾ ದೀಪ ಹಚ್ಚಿದ ಹಾಗೆ. 1996ರಲ್ಲಿ ಹೊಸ ತಂಡ ಬರುವವರೆಗೂ ನುಡಿಸಿದರು.

ಆ ಹೊಸ ತಂಡ ಎಲ್ಲಿಂದ ಬಂತು? ಕ್ಲೀವ್‌ಲ್ಯಾಂಡ್‌ನಿಂದ. ಕಳೆದುಕೊಂಡ ಊರೇ ಇನ್ನೊಂದು ಊರಿನದನ್ನು ತಂದಿತು. 1995ರಲ್ಲಿ ಬ್ರೌನ್ಸ್ ಮಾಲೀಕರು ಬಾಲ್ಟಿಮೋರ್‌ಗೆ ಹೋಗುತ್ತೇವೆ ಅಂದಾಗ ಕ್ಲೀವ್‌ಲ್ಯಾಂಡ್ ಜನ ಬೀದಿಗಿಳಿದರು, ನಗರ ಕೋರ್ಟಿಗೆ ಹೋಯಿತು. ಕೊನೆಗೆ ಆದ ಒಪ್ಪಂದ ಹೀಗೆ: ಆಟಗಾರರು, ಕೋಚ್‌ಗಳು ಹೋಗಬಹುದು. 'ಬ್ರೌನ್ಸ್' ಹೆಸರು, ಬಣ್ಣ, ದಾಖಲೆ ಊರಲ್ಲೇ ಉಳಿಯಬೇಕು. ಬಾಲ್ಟಿಮೋರ್‌ಗೆ ಹೋದವರು 'ರೇವನ್ಸ್' ಅಂತ ಹೊಸ ಹೆಸರು ಇಟ್ಟುಕೊಂಡರು. 1999ಕ್ಕೆ ಕ್ಲೀವ್‌ಲ್ಯಾಂಡ್‌ಗೆ ಬ್ರೌನ್ಸ್ ವಾಪಸ್ ಬಂತು. ಆಮೇಲೆ ಆ ಬ್ರೌನ್ಸ್ ಚೆನ್ನಾಗಿ ಆಡಿಲ್ಲ, ಅದು ಬೇರೆ. ಹೆಸರಿಗಾಗಿ ಕಾದವರಿಗೆ ಹೆಸರು ಸಿಕ್ಕಿತು.

ಓಕ್ಲೆಂಡ್‌ಗೆ ಇದು ಸಿಗಲಿಲ್ಲ. 1972, 73, 74ರಲ್ಲಿ ಸಾಲಾಗಿ ಮೂರು ವರ್ಲ್ಡ್ ಸೀರೀಸ್. 1989ರಲ್ಲಿ ಒಂದು, ಅದು ಭೂಕಂಪದಿಂದ ಹತ್ತು ದಿನ ನಿಂತು ಮತ್ತೆ ನಡೆದ ಸರಣಿ. 2002ರಲ್ಲಿ ಸಾಲಾಗಿ 20 ಪಂದ್ಯ ಗೆದ್ದದ್ದು. ಇಷ್ಟನ್ನೂ ಗಂಟು ಕಟ್ಟಿಕೊಂಡು ಹೋದರು. 57 ಸೀಸನ್ ಊರು ಸಾಕಿದ್ದಕ್ಕೆ ಒಂದು ಹೆಸರನ್ನಾದರೂ ಬಿಟ್ಟು ಹೋಗಬಹುದಿತ್ತು.

ಸ್ಯಾಕ್ರಮೆಂಟೊ_ಸುಳ್ಯ:

ನಾನು ಆ ತಂಡ ಈಗ ಇರುವ ಊರಿನವಳು. ನಮ್ಮ ಕಷ್ಟವನ್ನೂ ಕೇಳಿ.

ಎ'ಸ್ 2025ರಿಂದ ಪಶ್ಚಿಮ ಸ್ಯಾಕ್ರಮೆಂಟೊದ ಸಟರ್ ಹೆಲ್ತ್ ಪಾರ್ಕ್‌ನಲ್ಲಿ ಆಡುತ್ತಿದೆ. ಸುಮಾರು 14 ಸಾವಿರ ಜನ ಹಿಡಿಸುವ ಮೈದಾನ. ಅದು ರಿವರ್ ಕ್ಯಾಟ್ಸ್ ಅನ್ನುವ ಚಿಕ್ಕ ತಂಡದ ಮನೆ. ಮುಂಬೈಯಲ್ಲಿ ಹುಟ್ಟಿದ ವಿವೇಕ್ ರಣದಿವೆ ಅವರ ಕಿಂಗ್ಸ್ ಬ್ಯಾಸ್ಕೆಟ್‌ಬಾಲ್ ಸಂಸ್ಥೆಯದು. 2028ಕ್ಕೆ ವೇಗಸ್‌ನಲ್ಲಿ ಸ್ಟೇಡಿಯಂ ಮುಗಿಯುವ ತನಕ ಇಲ್ಲಿ ಇರುತ್ತಾರಂತೆ. ಹೆಸರು ಬರೀ 'ಅಥ್ಲೆಟಿಕ್ಸ್'. ಮುಂದೆ ಊರಿನ ಹೆಸರೇ ಇಲ್ಲ. ಅಂಗಿಯ ಒಂದು ತೋಳಿನ ಮೇಲೆ ಸ್ಯಾಕ್ರಮೆಂಟೊ, ಇನ್ನೊಂದು ತೋಳಿನ ಮೇಲೆ ಲಾಸ್ ವೇಗಸ್.

ಬಾಡಿಗೆಗೆ ಬಂದವರು ದಿನಾ ಹೊಸ ಮನೆಯ ಪ್ಲಾನ್ ತೋರಿಸುತ್ತಾ ಇದ್ದ ಹಾಗೆ ನಮಗೆ. ಅವರನ್ನು ಪ್ರೀತಿಸಬೇಕೋ ಬೇಡವೋ? ನನ್ನ ಮಗಳಿಗೆ ಹನ್ನೊಂದು ವರ್ಷ. ಅವಳಿಗೆ ನಿಕ್ ಕರ್ಟ್ಜ್ ಅಂದರೆ ಪ್ರಾಣ. 2025ರ ಜುಲೈ 25ರಂದು ಹ್ಯೂಸ್ಟನ್‌ನಲ್ಲಿ ಅವನು ಒಂದೇ ಪಂದ್ಯದಲ್ಲಿ ನಾಲ್ಕು ಹೋಮ್ ರನ್ ಹೊಡೆದ. ಆರು ಸಲ ಬ್ಯಾಟ್ ಹಿಡಿದು ಆರೂ ಸಲ ಚೆಂಡು ಹೊಡೆದು ಬೇಸ್ ಮುಟ್ಟಿದ. ಮೊದಲ ವರ್ಷದ ಆಟಗಾರ ನಾಲ್ಕು ಹೊಡೆದದ್ದು ಅದೇ ಮೊದಲಂತೆ. ಮಗಳು ಸೋಫಾದ ಮೇಲೆ ಹಾರಿದ್ದನ್ನು ನಾನು ಮರೆಯುವುದಿಲ್ಲ. ಆಮೇಲೆ ಕೇಳಿದಳು, "ಅಮ್ಮಾ, ನಾನು ಹೈಸ್ಕೂಲಿಗೆ ಹೋಗುವಾಗ ಇವನು ಇಲ್ಲಿ ಇರುವುದಿಲ್ಲ ಅಲ್ವಾ?" ಏನು ಹೇಳಲಿ?

ಓಕ್ಲೆಂಡ್‌ನ ಅಭಿಮಾನಿಗಳು ಕೆಲವರು ಆನ್‌ಲೈನಿನಲ್ಲಿ ನಮ್ಮ ಮೇಲೆ ಸಿಟ್ಟು ಮಾಡುತ್ತಾರೆ. ನಾವು ಕದ್ದಿಲ್ಲ ಅಣ್ಣ.

ಹೇವರ್ಡ್_ಶಿವಮೊಗ್ಗ:

ಇಲ್ಲ ತಂಗಿ, ನೀವು ಕದ್ದಿಲ್ಲ. ಹಾಗೆ ಹೇಳಿದವರು ತಪ್ಪು. ನಿಮ್ಮ ಮಗಳು ಮನಸ್ಸು ತುಂಬಿ ಕೂಗಲಿ. ಕರ್ಟ್ಜ್ ಆ ಪ್ರೀತಿಗೆ ಅರ್ಹ. ಅಮೆರಿಕನ್ ಲೀಗ್‌ನ ವರ್ಷದ ಹೊಸ ಆಟಗಾರ ಪ್ರಶಸ್ತಿಯೂ ಅವನಿಗೇ ಬಂತು. ನಿಮ್ಮ ಮಗಳ ಪ್ರಶ್ನೆ ಓದಿ ನನ್ನ ಮಗನೂ ಸುಮ್ನೆ ಕೂತುಬಿಟ್ಟ.

ಬಸವನಗುಡಿ_ಬ್ಯಾಟ್ಸ್‌ಮನ್:

ಬೆಂಗಳೂರಿನಿಂದ ಬರೆಯುತ್ತಿದ್ದೇನೆ. ಈ ಎರಡೂ ಆಟ ನನಗೆ ಅಷ್ಟಾಗಿ ತಿಳಿಯದು. ಆದರೆ ಓದುತ್ತಾ ಹೋದ ಹಾಗೆ ಇದು ನಮ್ಮದೇ ಮಾತು ಅನ್ನಿಸಿತು.

2025ರ ನವೆಂಬರ್‌ನಲ್ಲಿ ಆರ್‌ಸಿಬಿಯ ಮಾಲೀಕ ಕಂಪನಿ ತಂಡದ ಬಗ್ಗೆ ಮರುಪರಿಶೀಲನೆ ಮಾಡುತ್ತಿದ್ದೇವೆ ಅಂತ ಷೇರುಪೇಟೆಗೆ ತಿಳಿಸಿತು. ಎಲ್ಲರೂ ಮಾರಾಟ ಅಂತಲೇ ಅರ್ಥ ಮಾಡಿಕೊಂಡರು. 2025ರ ಜೂನ್ 3ಕ್ಕೆ, 18ನೇ ಸೀಸನ್‌ನಲ್ಲಿ ಕಪ್ ಬಂತು. ಮರುದಿನ ಚಿನ್ನಸ್ವಾಮಿ ಹೊರಗೆ 11 ಜನ ಪ್ರಾಣ ಬಿಟ್ಟರು. ಅವರಲ್ಲಿ ಹೆಚ್ಚಿನವರು ಚಿಕ್ಕ ವಯಸ್ಸಿನವರು. ಈ ಊರು ತಂಡಕ್ಕಾಗಿ ಕೊಟ್ಟಿದ್ದು ಬರೀ ಟಿಕೆಟ್ ದುಡ್ಡಲ್ಲ. ನಾಳೆ ಹೊಸ ಮಾಲೀಕರು ಬಂದು ಬೇರೆ ಊರು ಅಂದರೆ? ಐಪಿಎಲ್‌ನಲ್ಲಿ ಹೈದರಾಬಾದಿನವರು 2009ರಲ್ಲಿ ಡೆಕ್ಕನ್ ಚಾರ್ಜರ್ಸ್ ಆಗಿ ಕಪ್ ಗೆದ್ದರು. 2012ಕ್ಕೆ ಆ ತಂಡವೇ ಇಲ್ಲವಾಯಿತು. ಸನ್‌ರೈಸರ್ಸ್ ಬಂತು, ಸರಿ. ಆ 2009ರ ಕಪ್ ಈಗ ಯಾರದು?

ಒಂದು ಪ್ರಶ್ನೆ. ಅಲ್ಲಿ ಮಾಲೀಕರೇ ಇಲ್ಲದ, ಊರಿನವರೇ ನಡೆಸುವ ತಂಡ ಒಂದಾದರೂ ಇದೆಯಾ?

ಹೇವರ್ಡ್_ಶಿವಮೊಗ್ಗ:

ಇದೆ. ಆ 11 ಜನರ ಸುದ್ದಿ ಬಂದ ದಿನ ನಮ್ಮ ಮನೆಯಲ್ಲಿ ಟಿವಿ ಹಚ್ಚಲಿಲ್ಲ, ಅದನ್ನು ಮೊದಲು ಹೇಳುತ್ತೇನೆ.

ನೀವು ಕೇಳಿದ ತಂಡ ಗ್ರೀನ್ ಬೇ ಪ್ಯಾಕರ್ಸ್. ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ಅಂದರೆ ಒಂದು ಲಕ್ಷ ಚಿಲ್ಲರೆ ಜನ. ಹೆಚ್ಚು ಕಡಿಮೆ ನಮ್ಮ ಚಿಕ್ಕಮಗಳೂರಿನಷ್ಟು ಊರು. ಅಲ್ಲಿ ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಲೀಗ್ ಎನ್‌ಎಫ್‌ಎಲ್‌ನ ತಂಡ ಇದೆ. 1923ರಲ್ಲೇ ಊರಿನವರಿಗೆ ಷೇರು ಮಾರಿದರು. ಈಗ ಷೇರುದಾರರು 5 ಲಕ್ಷಕ್ಕೂ ಹೆಚ್ಚು. ಆ ಷೇರಿಗೆ ಲಾಭಾಂಶ ಇಲ್ಲ. ಲಾಭಕ್ಕೆ ಮಾರುವ ಹಾಗೂ ಇಲ್ಲ. ತಂಡವನ್ನು ಮಾರಿದರೂ ಹಣ ದಾನಕ್ಕೆ ಹೋಗಬೇಕು ಅಂತ ನಿಯಮ ಮಾಡಿಟ್ಟಿದ್ದಾರೆ. ಮಾರಿದರೆ ಯಾರಿಗೂ ಲಾಭವಿಲ್ಲ, ಹಾಗಾಗಿ ಯಾರೂ ಮಾರುವುದಿಲ್ಲ. ಎಷ್ಟು ಸರಳ ನೋಡಿ. ಆದರೆ ಲೀಗ್ ಈಗ ಇನ್ನೊಂದು ತಂಡಕ್ಕೆ ಈ ದಾರಿ ಬಿಡುವುದಿಲ್ಲ. ಪ್ರತಿ ತಂಡಕ್ಕೂ ಒಬ್ಬ ಮುಖ್ಯ ಮಾಲೀಕ ಇರಲೇಬೇಕು ಅನ್ನುತ್ತದೆ. ಪ್ಯಾಕರ್ಸ್ ಹಳೆಯದಾದ್ದರಿಂದ ಉಳಿದಿದೆ.

ಲೆಕ್ಕದ_ಮೇಷ್ಟ್ರು:

ಇದಕ್ಕೆ ಒಂದು ಸೇರಿಸುತ್ತೇನೆ. ಪ್ಯಾಕರ್ಸ್ ಉಳಿದದ್ದು ಷೇರಿನಿಂದ ಮಾತ್ರ ಅಲ್ಲ. ಎನ್‌ಎಫ್‌ಎಲ್‌ನಲ್ಲಿ ರಾಷ್ಟ್ರೀಯ ಟಿವಿ ಹಣವನ್ನು 32 ತಂಡಕ್ಕೂ ಸಮನಾಗಿ ಹಂಚುತ್ತಾರೆ. ಆಟಗಾರರ ಸಂಬಳಕ್ಕೆ ಗಟ್ಟಿ ಮಿತಿ ಇದೆ, 2025ಕ್ಕೆ ತಂಡಕ್ಕೆ 27.92 ಕೋಟಿ ಡಾಲರ್. ಹಾಗಾಗಿ ಗ್ರೀನ್ ಬೇ ನ್ಯೂಯಾರ್ಕ್ ಎದುರು ನಿಲ್ಲುತ್ತದೆ.

ಬೇಸ್‌ಬಾಲ್‌ನಲ್ಲಿ ಆ ಮಿತಿ ಇಲ್ಲ. ಹೆಚ್ಚು ಖರ್ಚು ಮಾಡಿದರೆ ತೆರಿಗೆ ಕಟ್ಟಬೇಕು, ಅಷ್ಟೇ. ಡಾಡ್ಜರ್ಸ್ ಒಟಾನಿಗೆ 10 ವರ್ಷಕ್ಕೆ 70 ಕೋಟಿ ಡಾಲರ್ ಅಂತ ಬರೆದು, ಅದರಲ್ಲಿ 68 ಕೋಟಿಯನ್ನು ಆಮೇಲೆ ಕೊಡುವುದಾಗಿ ಮುಂದಕ್ಕೆ ಹಾಕಿತು. ಮೆಟ್ಸ್ ಹ್ವಾನ್ ಸೋಟೊಗೆ 15 ವರ್ಷಕ್ಕೆ 76.5 ಕೋಟಿ ಕೊಟ್ಟಿತು. ಸಣ್ಣ ಊರಿನ ತಂಡ ಹೇಗೆ ನಿಲ್ಲಬೇಕು? ಆಟಗಾರರ ಜೊತೆಗಿನ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ. ಆಗ ಮಾಲೀಕರು ಆಟ ನಿಲ್ಲಿಸಿ ಬಾಗಿಲು ಮುಚ್ಚುವ ಭಯ ಇದೆ.

ಹೆಸರು ಊರಲ್ಲಿ ಉಳಿಯಬೇಕು ಅನ್ನುವ ನಿಮ್ಮ ಮಾತಿಗೆ ನಾನು ಈಗ ಒಪ್ಪುತ್ತೇನೆ ಸರ್. ಅದರಿಂದ ಯಾರ ವ್ಯಾಪಾರಕ್ಕೂ ನಷ್ಟವಿಲ್ಲ.

ಧಾರವಾಡದ_ಡಾಡ್ಜರ್:

ಮೇಷ್ಟ್ರೇ, ಡಾಡ್ಜರ್ಸ್ ದುಡ್ಡು ಸುರಿಯುತ್ತದೆ ಅನ್ನುವುದು ಖರೆ. ಆದರೆ ಆ ದುಡ್ಡು ಮೈದಾನದಲ್ಲಿ ಕಾಣುತ್ತದೆ. ದುಡ್ಡಿದ್ದೂ ಬಿಚ್ಚದವರನ್ನು ಮೊದಲು ಕೇಳ್ರಿ. ಮಿತಿ ತರುವುದಾದರೆ ಕೆಳಗೂ ಒಂದು ಮಿತಿ ತರಲಿ, ಇಷ್ಟಕ್ಕಿಂತ ಕಡಿಮೆ ಖರ್ಚು ಮಾಡುವ ಹಾಗಿಲ್ಲ ಅಂತ.

ಹೇವರ್ಡ್_ಶಿವಮೊಗ್ಗ:

ಕೆಳಗಿನ ಮಿತಿಗೆ ನನ್ನ ಎರಡೂ ಕೈ ಮೇಲೆ.

ಹಾಗೇ, ಊರುಗಳು ಸುಮ್ಮನೆ ಬಿಡಬೇಕಾಗಿಲ್ಲ ಅನ್ನುವುದಕ್ಕೂ ಒಂದು ಉದಾಹರಣೆ ಇದೆ. ಫುಟ್‌ಬಾಲ್‌ನ ರ್‍ಯಾಮ್ಸ್ ತಂಡ 2016ರಲ್ಲಿ ಸೇಂಟ್ ಲೂಯಿಸ್ ಬಿಟ್ಟು ಲಾಸ್ ಏಂಜಲೀಸ್‌ಗೆ ಹೋಯಿತು. ಲೀಗ್ ತನ್ನದೇ ನಿಯಮ ಪಾಲಿಸಿಲ್ಲ ಅಂತ ಊರಿನವರು ಕೋರ್ಟಿಗೆ ಹೋದರು. 2021ರಲ್ಲಿ 79 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಳ್ಳಬೇಕಾಯಿತು. ಬೇಸ್‌ಬಾಲ್‌ನಲ್ಲಿ ಇಂಥ ಹೋರಾಟ ಕಷ್ಟ. 1922ರಲ್ಲಿ ಸುಪ್ರೀಂ ಕೋರ್ಟು ಬೇಸ್‌ಬಾಲ್‌ಗೆ ಏಕಸ್ವಾಮ್ಯ ವಿರೋಧಿ ಕಾನೂನು ತಾಗುವುದಿಲ್ಲ ಅಂದಿತು. ನೂರು ವರ್ಷ ಕಳೆದರೂ ಅದು ಬಹುಮಟ್ಟಿಗೆ ಹಾಗೇ ಇದೆ. ಮೊದಲು ಬದಲಾಗಬೇಕಾದ್ದು ಅದು.

ಇನ್ನೊಂದು ಹೇಳಬೇಕು, ಬಸವನಗುಡಿಯವರಿಗೆ ಇಷ್ಟವಾಗಬಹುದು. ಎ'ಸ್ ಹೋದ ಮೇಲೆ ಕೊಲಿಸಿಯಂ ಕಡೆಗೆ ಕಾಲು ಹಾಕಿರಲಿಲ್ಲ. 2025ರ ಜೂನ್ 12ಕ್ಕೆ ಅಲ್ಲಿ ಮೇಜರ್ ಲೀಗ್ ಕ್ರಿಕೆಟ್ ಶುರುವಾಯಿತು. ಅದೇ ಮೈದಾನ. ಸ್ಯಾನ್ ಫ್ರಾನ್ಸಿಸ್ಕೋ ಯೂನಿಕಾರ್ನ್ಸ್ ಮತ್ತು ವಾಷಿಂಗ್ಟನ್ ಫ್ರೀಡಂ. ಆಗ ಅಪ್ಪ ಊರಿಂದ ಬಂದಿದ್ದರು. ಹಿಂದೆ ಎರಡು ಸಲ ಬಂದಾಗಲೂ ಬೇಸ್‌ಬಾಲ್‌ಗೆ ಕರೆದುಕೊಂಡು ಹೋಗಿದ್ದೆ. ಆಟ ಅವರಿಗೆ ಹಿಡಿಸಿರಲಿಲ್ಲ, ಸೇತುವೆ ಮೇಲಿನ ಡೋಲು ಹಿಡಿಸಿತ್ತು. ಈ ಸಲ ಕ್ರಿಕೆಟ್ಟು. ಫಿನ್ ಆ್ಯಲನ್ 51 ಚೆಂಡಿಗೆ 151 ಹೊಡೆದ. 19 ಸಿಕ್ಸರ್. ಟಿ20 ಇನ್ನಿಂಗ್ಸ್ ಒಂದರಲ್ಲಿ ಅಷ್ಟು ಸಿಕ್ಸರ್ ಯಾರೂ ಹೊಡೆದಿರಲಿಲ್ಲ. 2013ರಲ್ಲಿ ಚಿನ್ನಸ್ವಾಮಿಯಲ್ಲಿ ಗೇಲ್ 175 ಹೊಡೆದಾಗಲೂ 17.

ಅಪ್ಪ ಕುರ್ಚಿಯಲ್ಲಿ ಕೂರಲಿಲ್ಲ. ಎಪ್ಪತ್ತನಾಲ್ಕು ವರ್ಷದವರು ಪ್ರತಿ ಸಿಕ್ಸರ್‌ಗೂ ಎದ್ದು ನಿಂತರು. ನನ್ನ ಕಣ್ಣು ಮಾತ್ರ ಪದೇ ಪದೇ ಬಲಗಡೆಯ ಬೆಂಚುಗಳ ಕಡೆಗೆ ಹೋಗುತ್ತಿತ್ತು. ಅಲ್ಲಿ ಡೋಲು ಇರಲಿಲ್ಲ. ವಾಪಸ್ ಬರುವಾಗ ಸೇತುವೆ ಮೇಲೆ ಅಪ್ಪ ಕೇಳಿದರು, "ಆ ಬಾರಿಸುವವರು ಎಲ್ಲಿ ಹೋದರೋ?"

ಸ್ಯಾಕ್ರಮೆಂಟೊ_ಸುಳ್ಯ:

ಎಲ್ಲಿ ಹೋದರು ಅಣ್ಣ?

ಹೇವರ್ಡ್_ಶಿವಮೊಗ್ಗ:

ಊರಲ್ಲೇ ಇದ್ದಾರೆ. ಎ'ಸ್ ಹೋಗುತ್ತದೆ ಅಂತ ಖಚಿತವಾದ ಮೇಲೆ ಇಲ್ಲಿನವರೇ ಸೇರಿ ಓಕ್ಲೆಂಡ್ ಬಾಲರ್ಸ್ ಅಂತ ಚಿಕ್ಕ ಬೇಸ್‌ಬಾಲ್ ತಂಡ ಕಟ್ಟಿದರು. ಪಯೊನಿಯರ್ ಲೀಗ್‌ನಲ್ಲಿ ಆಡುತ್ತದೆ. 2024 ಮೊದಲ ವರ್ಷ. ಎರಡನೇ ವರ್ಷಕ್ಕೇ ಲೀಗ್ ಗೆದ್ದರು. ಅಭಿಮಾನಿಗಳಿಗೂ ತಂಡದಲ್ಲಿ ಪಾಲು ಕೊಟ್ಟಿದ್ದಾರೆ. ಪಶ್ಚಿಮ ಓಕ್ಲೆಂಡ್‌ನ ರೈಮಂಡಿ ಪಾರ್ಕ್, ಬಾರ್ಟ್‌ನಲ್ಲಿ ವೆಸ್ಟ್ ಓಕ್ಲೆಂಡ್ ಇಳಿದು ಸ್ವಲ್ಪ ದೂರ ನಡೆದರೆ ಸಿಗುತ್ತದೆ. ಹಸಿರು ಟೀಶರ್ಟಿನ ಹಳೇ ಮುಖಗಳು, ಡೋಲು, ಎಲ್ಲಾ ಅಲ್ಲಿ ಸಿಕ್ಕಿತು ನನಗೆ.

ಮೇ ತಿಂಗಳಲ್ಲಿ ಸೀಸನ್ ಶುರುವಾಗುತ್ತದೆ. ಮೊದಲ ಶನಿವಾರದ ಪಂದ್ಯಕ್ಕೆ ನಾನು, ಮಗ ಹೋಗುತ್ತೇವೆ. ನಿಮ್ಮ ಮಗಳನ್ನು ಕರೆದುಕೊಂಡು ಬನ್ನಿ, ಕರ್ಟ್ಜ್ ಅಂಗಿ ಹಾಕಿಕೊಂಡೇ ಬರಲಿ. ಯಾರೂ ಏನೂ ಅನ್ನದ ಹಾಗೆ ನಾನು ನೋಡಿಕೊಳ್ಳುತ್ತೇನೆ.

ಓವರ್‌ಲ್ಯಾಂಡ್_ಪಾರ್ಕ್_ಕನ್ನಡತಿ:

ಮೇ ಕೊನೆಗೆ ನಾವು ಫ್ರೀಮಾಂಟ್‌ನಲ್ಲಿ ತಮ್ಮನ ಮನೆಗೆ ಬರುತ್ತಿದ್ದೇವೆ. ಚಿತ್ರಾನ್ನ ನನ್ನದು. ಎಷ್ಟು ಜನ ಅಂತ ಮೊದಲೇ ಹೇಳಿ.